ಕೈ ಮುಗಿದ ಹಾವು, ಕಣ್ಣಾರೆ ಕಂಡ ಹಾವು

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಪೊಟ್ಟಣದಲ್ಲಿ ಏನಿದೆ ಅಂತ ಮುಂದಿನ ಸಾಲಿನ ಮಕ್ಕಳು ಆಗಲೇ ಎರಡು ಸಲ ಕೇಳಿದರು. ಹಾವಿನ ಪೊರೆ. ಕಳೆದ ವಾರ ನಮ್ಮ ಸೌದೆ ಕೊಟ್ಟಿಗೆಯ ಮುರಕಲ್ಲಿನ ಗೋಡೆಯಲ್ಲಿ ಸಿಕ್ಕಿತು. ಕಲ್ಲಿನ ಸಂದಿಯೊಳಗೆ ಅರ್ಧ, ಹೊರಗೆ ಅರ್ಧ ನೇತಾಡುತ್ತಿತ್ತು. ಹರಿಯದ ಹಾಗೆ ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಮಾತು ಮುಗಿದ ಮೇಲೆ ನಿಮ್ಮ ಕೈಗೇ ಕೊಡುತ್ತೇನೆ.

ನಮ್ಮ ಕಾಸರಗೋಡಿನಲ್ಲಿ ಹಾವಿಗೆ ಹೆಸರಿನ ಬರ ಇಲ್ಲ. ಕನ್ನಡದಲ್ಲಿ ಹಾವು, ತುಳುವಿನಲ್ಲಿ ಉಚ್ಚು, ಮಲಯಾಳದಲ್ಲಿ ಪಾಂಬು. ಆದರೆ ಕತ್ತಲಾದ ಮೇಲೆ ನಮ್ಮ ಮನೆಯಲ್ಲಿ ಈ ಮೂರರಲ್ಲಿ ಯಾವುದನ್ನೂ ಹೇಳುವ ಹಾಗಿರಲಿಲ್ಲ. "ಹುಳ ಅನ್ನು ಮಗಾ" ಅನ್ನುತ್ತಿದ್ದರು ಅಜ್ಜಿ. ಅದೇ ಅಜ್ಜಿ ನಾಗರ ಪಂಚಮಿಯ ದಿನ ಮಿಂದು, ಬನಕ್ಕೆ ಹೋಗಿ, ಕಲ್ಲಿನ ನಾಗನಿಗೆ ಹಾಲು, ಎಳನೀರಿನ ತನು ಎರೆದು ಬರುತ್ತಿದ್ದರು. ಮನೆ ತುಂಬ ಅರಶಿನ ಎಲೆಯ ಕಡುಬಿನ ಪರಿಮಳ. ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನ ನೀವೆಲ್ಲ ನೋಡಿದ್ದೀರಿ. ತಿರುವನಂತಪುರದಲ್ಲಿ ದೇವರು ಅನಂತನ ಮೇಲೆ ಮಲಗಿದ್ದಾನೆ. ನಮ್ಮಲ್ಲಿ ಅದೇ ಅನಂತನ ಮೇಲೆ ಕೂತಿದ್ದಾನೆ. ಇಷ್ಟು ಹತ್ತಿರದ ದೇವರ ಹೆಸರನ್ನು ರಾತ್ರಿ ಯಾಕೆ ಹೇಳಬಾರದು? ಚಿಕ್ಕಂದಿನಲ್ಲಿ ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಒಂದು ವೈದ್ಯಗ್ರಂಥದಲ್ಲಿ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಪೂರ್ತಿ ವಿಷದ ಬಗ್ಗೆ ಇದೆ. ಗ್ರಂಥ ಮಧ್ಯಯುಗಕ್ಕಿಂತ ಹಳೆಯದು. ಆದರೆ ಮಧ್ಯಯುಗದ ವಿಷವೈದ್ಯರಿಗೆಲ್ಲ ಅದು ತಾಯಿಬೇರು. ಅಲ್ಲಿ ಹಾವುಗಳಲ್ಲಿ ಎರಡು ಬಗೆ: ದಿವ್ಯ ಮತ್ತು ಭೌಮ. ವಾಸುಕಿ, ತಕ್ಷಕ ಮುಂತಾದವರು ದಿವ್ಯರು. ಅವರ ನೋಟದಲ್ಲೂ ಉಸಿರಿನಲ್ಲೂ ವಿಷ. ಅವರಿಗೆ ನಮಸ್ಕಾರ, ಚಿಕಿತ್ಸೆಯಿಂದ ಅಲ್ಲಿ ಆಗಬೇಕಾದ್ದು ಏನೂ ಇಲ್ಲ ಅಂತ ಹೇಳಿ ಗ್ರಂಥ ಮುಂದೆ ಹೋಗುತ್ತದೆ. ಇನ್ನು ಹೇಳುವುದು ನೆಲದ ಮೇಲಿದ್ದು, ಹಲ್ಲಿನಲ್ಲಿ ವಿಷ ಇಟ್ಟುಕೊಂಡು, ಮನುಷ್ಯರನ್ನು ಕಚ್ಚುವ ಭೌಮ ಹಾವುಗಳ ಬಗ್ಗೆ. ಅಜ್ಜಿ ಬನದಲ್ಲಿ ಕೈ ಮುಗಿದದ್ದು ದಿವ್ಯಕ್ಕೆ, ಕತ್ತಲಲ್ಲಿ ಹೆಸರು ಹೇಳಲು ಹೆದರಿದ್ದು ಭೌಮಕ್ಕೆ.

ಎಂಥ ಚಂದದ ವಿಂಗಡಣೆ ನೋಡಿ! ದೇವರಿಗೆ ಕೈ ಮುಗಿದಾಯಿತು. ಈಗ ಕಣ್ಣು ಬಿಟ್ಟು ನೆಲ ನೋಡೋಣ. ಭಕ್ತಿಯನ್ನೂ ಬಿಡಲಿಲ್ಲ, ನೋಡುವುದನ್ನೂ ಬಿಡಲಿಲ್ಲ.

ನೋಡಿದ್ದು ಸುಮ್ನೆ ಅಲ್ಲ. ಹೆಡೆ ಇರುವುದು ದರ್ವೀಕರ. ದರ್ವಿ ಅಂದರೆ ಸೌಟು. ಸಾರಿನ ಸೌಟನ್ನು ಹಿಡಿ ಕೆಳಗೆ ಮಾಡಿ ಎತ್ತಿ ಹಿಡಿಯಿರಿ, ಹೆಡೆ ಬಿಚ್ಚಿದ ನಾಗರ ಅದೇ ಆಕಾರ. ಮುಂದೆ ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರು ಅದೇ ಹೆಡೆಯಲ್ಲಿ ಟೊಪ್ಪಿ ಕಂಡರು, 'ಕೋಬ್ರಾ ದೆ ಕಪೆಲೊ' ಅಂದರು. ಇಂಗ್ಲಿಷಿನ ಕೋಬ್ರಾ ಹುಟ್ಟಿದ್ದು ಹಾಗೆ. ಮೈ ಮೇಲೆ ಮಂಡಲ, ಅಂದರೆ ಬಿಲ್ಲೆ ಇರುವುದು ಮಂಡಲಿ. ನಾವು ಇವತ್ತೂ ಕೊಳಕುಮಂಡಲ ಅನ್ನುತ್ತೇವೆ, ಅಲ್ವಾ? ಶಾಸ್ತ್ರದ ಆ ಹೆಸರು ನಮ್ಮ ಬಾಯಲ್ಲೇ ಉಳಿದಿದೆ. ಗೆರೆ ಇರುವುದು ರಾಜಿಮಂತ. ನಮ್ಮ ಕಟ್ಟುಹಾವು ಇದಕ್ಕೆ ಸೇರುತ್ತದೆ. ಮಲಯಾಳದಲ್ಲಿ ಅದು ವೆಳ್ಳಿಕ್ಕೆಟ್ಟನ್, ಬೆಳ್ಳಿ ಕಟ್ಟಿನದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಇನ್ನೊಂದಿದೆ. ಯಾವ ಹಾವು ಯಾವ ಹೊತ್ತಿನಲ್ಲಿ ಓಡಾಡುತ್ತದೆ ಅಂತಲೂ ಅಲ್ಲಿ ಹೇಳಿದೆ. ದರ್ವೀಕರ ಹಗಲಿನಲ್ಲಿ. ಗೆರೆಯವು ರಾತ್ರಿಯ ಕೊನೆಯ ಜಾವದಲ್ಲಿ. ಮಂಡಲಿ ರಾತ್ರಿಯ ಉಳಿದ ಜಾವಗಳಲ್ಲಿ. ಈಗಿನ ವೈದ್ಯರನ್ನು ಕೇಳಿ. ಕಟ್ಟುಹಾವಿನ ಕಡಿತ ಬಹುತೇಕ ರಾತ್ರಿ, ನೆಲದಲ್ಲಿ ಮಲಗಿದವರಿಗೆ ಆಗುತ್ತದೆ. ನೋವು ಜಾಸ್ತಿ ಇರುವುದಿಲ್ಲ, ಗಾಯವೂ ಕಾಣುವುದು ಕಷ್ಟ. ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾರೆ, ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಟಾರ್ಚ್ ಇಲ್ಲದ ಕಾಲದಲ್ಲಿ ಯಾರೋ ನಿದ್ದೆಗೆಟ್ಟು ಇದನ್ನೆಲ್ಲ ಗಮನಿಸಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.

ಕನ್ನಡದಲ್ಲಿ ಈ ವಿದ್ಯೆಗೆ ಸ್ವಂತ ಪುಸ್ತಕವೇ ಇದೆ. ಸುಮಾರು 1360ರಲ್ಲಿ, ವಿಜಯನಗರದ ಆರಂಭ ಕಾಲದಲ್ಲಿ, ಜೈನ ಕವಿ ಮಂಗರಾಜ ಬರೆದ 'ಖಗೇಂದ್ರಮಣಿದರ್ಪಣ'. ಖಗೇಂದ್ರ ಅಂದರೆ ಗರುಡ. ಗಿಡಮೂಲಿಕೆ, ಖನಿಜಗಳ ಸ್ಥಾವರ ವಿಷ, ಪ್ರಾಣಿಗಳ ಜಂಗಮ ವಿಷ, ಎರಡಕ್ಕೂ ಮದ್ದು ಹೇಳುವ ಕಾವ್ಯ ಅದು. ವಿಷವೈದ್ಯವನ್ನು ಪದ್ಯದಲ್ಲಿ ಕಟ್ಟಿದರೆ ಬಾಯಿಪಾಠಕ್ಕೆ ಸುಲಭ. ಕಡಿತವಾದಾಗ ಓಲೆಗರಿ ಹುಡುಕಲು ಹೊತ್ತೆಲ್ಲಿರುತ್ತದೆ?

ಅದೇ ಶತಮಾನಗಳಲ್ಲಿ ಯುರೋಪಿನ ಕ್ರೈಸ್ತ ಮಠಗಳಲ್ಲಿ ಚಿತ್ರ ಬರೆದ ಪ್ರಾಣಿಗಳ ಪುಸ್ತಕಗಳಿದ್ದವು. ಅಲ್ಲಿನ ಹಾವು ಒಂದು ಧರ್ಮಪಾಠ. ಹಾವಾಡಿಗನ ಮಂತ್ರ ಕೇಳಬಾರದು ಅಂತ ಅದು ಒಂದು ಕಿವಿಯನ್ನು ನೆಲಕ್ಕೆ ಒತ್ತಿ, ಇನ್ನೊಂದು ಕಿವಿಗೆ ಬಾಲ ತುರುಕಿಕೊಳ್ಳುತ್ತದಂತೆ! ಹಾವಿಗೆ ಹೊರಗಿವಿಯೇ ಇಲ್ಲ. ನೆಲದ ಕಂಪನ ಅದರ ದವಡೆಯ ಎಲುಬಿನ ಮೂಲಕ ಒಳಗಿವಿಗೆ ಮುಟ್ಟುತ್ತದೆ. ನೋಟದಿಂದಲೇ ಕೊಲ್ಲುವ ಬೆಸಿಲಿಸ್ಕ್ ಅನ್ನುವ ಹಾವಿನ ಕಥೆಯೂ ಅಲ್ಲಿತ್ತು, ನಮ್ಮ ವಾಸುಕಿ, ತಕ್ಷಕರ ಹಾಗೆ. ಅದು ಹುಂಜ ಇಟ್ಟ ಮೊಟ್ಟೆಯಿಂದ ಹುಟ್ಟುತ್ತದೆ ಅಂತ ಜನ ನಂಬಿದ್ದರು. 13ನೇ ಶತಮಾನದ ಪಾದ್ರಿ, ಪಂಡಿತ ಆಲ್ಬರ್ಟಸ್ ಮ್ಯಾಗ್ನಸ್ ಈ ಹುಂಜದ ಮೊಟ್ಟೆಯ ಮಾತನ್ನು ಒಪ್ಪಲಿಲ್ಲ. ದೈವಭಕ್ತರೇ ಅವರು. ಆದರೂ ಎಲ್ಲವನ್ನೂ ಕಣ್ಣುಮುಚ್ಚಿ ನಂಬಲಿಲ್ಲ.

7ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಬಿಷಪ್ ಇಸಿಡೋರ್ ಎರಡು ತಲೆಯ ಹಾವೊಂದನ್ನು ವಿವರಿಸಿದ್ದಾರೆ. ಒಂದು ತಲೆ ಮುಂದೆ, ಒಂದು ಬಾಲದಲ್ಲಿ. ನಮಗೂ ಎರಡು ತಲೆ ಹಾವು ಗೊತ್ತು. ಪಾಪದ ಮಣ್ಣುಮುಕ್ಕ ಹಾವು. ಬಾಲ ಮೊಂಡು, ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಶತ್ರು ಬಾಲಕ್ಕೆ ಬಾಯಿ ಹಾಕಿದರೆ ತಲೆ ಉಳಿಯುತ್ತದೆ. ನಿಧಿ ಸಿಗುತ್ತದೆ, ಅದೃಷ್ಟ ಬರುತ್ತದೆ ಅಂತ ಇದನ್ನು ಹಿಡಿದು ಗೋಣಿಯಲ್ಲಿ ತುಂಬಿ ಮಾರುವವರು ಇವತ್ತಿಗೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಇಸಿಡೋರ್ ಬರೆದ ಕಥೆಯಿಂದ ಹಾವಿಗೆ ಏನೂ ಆಗಲಿಲ್ಲ. ನಮ್ಮ ಕಥೆ ಅದನ್ನು ಕೊಲ್ಲುತ್ತಿದೆ. ಇದು ನನಗೆ ತುಂಬಾ ಬೇಜಾರು ತರುವ ವಿಷಯ.

ಮಂತ್ರದಿಂದ ವಿಷ ಇಳಿದದ್ದನ್ನು ನೋಡಿದವರು ಈ ಸಭೆಯಲ್ಲೂ ಇರಬಹುದು. ಸುಳ್ಳು ಅಂತ ನಾನು ಹೇಳುವುದಿಲ್ಲ. ವಿಷವೇ ಮೈಗೆ ಸೇರದ ಕಡಿತವನ್ನು ಸುಶ್ರುತ ಸಂಹಿತೆ 'ನಿರ್ವಿಷ' ಅಂತ ಬೇರೆಯಾಗಿಯೇ ಹೆಸರಿಸಿದೆ. ಹಾವಿನ ಮೈ ತಾಗಿದ್ದಕ್ಕೇ ಹೆದರಿ ಬಾವು ಬರುವುದನ್ನೂ ಹೇಳಿದೆ. ಇಂಥವರು ಹೇಗಿದ್ದರೂ ಬದುಕುತ್ತಾರೆ. ಆದರೆ ನನ್ನ ದೊಡ್ಡಮ್ಮನಿಗೆ ಕಚ್ಚಿದ್ದು ನಿರ್ವಿಷ ಆಗಿರಲಿಲ್ಲ. ಮದ್ದು ಅರೆದು ಹಚ್ಚುತ್ತಾ ಮನೆಯವರು ಒಂದು ರಾತ್ರಿ ಕಳೆದರು. ಬೆಳಿಗ್ಗೆ ಜೀಪು ತರುವಾಗ ತಡವಾಗಿತ್ತು. ಬಿಗಿಯಾಗಿ ಕಟ್ಟು ಕಟ್ಟಬೇಕು ಅಂತ ಹಳೆಯ ಗ್ರಂಥದಲ್ಲಿದೆ. ಈಗ ವೈದ್ಯರು ಕಟ್ಟಬೇಡಿ ಅನ್ನುತ್ತಾರೆ. ಕೊಯ್ಯಬೇಡಿ, ಚೀಪಬೇಡಿ. ಕೈಕಾಲು ಅಲುಗಿಸದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಹೋಗಿ. ಮನೆಗೆ ಹಾವು ಬಂದರೆ ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ಇದೆ, ತರಬೇತಿ ಪಡೆದವರು ಬಂದು ಹಿಡಿಯುತ್ತಾರೆ. ಕೋಲು ಹುಡುಕುವ ಬದಲು ಫೋನು ತೆಗೆಯಿರಿ.

ಬನದ ಮಾತು ಒಂದಿಷ್ಟು. ಕಲ್ಲ ನಾಗರಕ್ಕೆ ಹಾಲು, ದಿಟದ ನಾಗರಕ್ಕೆ ದೊಣ್ಣೆ ಅಂತ ಬಸವಣ್ಣನವರು ನೊಂದು ಹೇಳಿದ್ದು 12ನೇ ಶತಮಾನದಲ್ಲಿ. ನಮ್ಮ ಹಿರಿಯರ ಬನದಲ್ಲಿ ಎರಡಕ್ಕೂ ಜಾಗ ಇತ್ತು. ಮಧ್ಯೆ ಕಲ್ಲು, ಸುತ್ತ ಮರ, ಬಳ್ಳಿ, ತರಗೆಲೆ, ಹುತ್ತ. ಅಲ್ಲಿ ಕತ್ತಿ ಹಾಕುವ ಹಾಗಿರಲಿಲ್ಲ. ಈಗ ಹಲವು ಕಡೆ ಮರ ಕಡಿದು, ಸಿಮೆಂಟು ಕಟ್ಟೆ ಕಟ್ಟಿ, ಟೈಲ್ಸ್ ಹಾಕುತ್ತಿದ್ದೇವೆ. ನೋಡಲು ಚೊಕ್ಕ. ಆದರೆ ಮಧ್ಯಾಹ್ನದ ಬಿಸಿಲಿಗೆ ಆ ಟೈಲ್ಸ್ ಮೇಲೆ ನಾವು ಬರಿಗಾಲಲ್ಲಿ ನಿಲ್ಲಲಾರೆವು. ಹೊಟ್ಟೆ ಎಳೆದುಕೊಂಡು ಹೋಗುವ ಹಾವು ಹೇಗೆ ಹೋಗಬೇಕು? ನಿಮ್ಮ ಕುಟುಂಬದ ಬನದ ಜೀರ್ಣೋದ್ಧಾರದ ಮಾತು ಬಂದರೆ, ದಯವಿಟ್ಟು ಮರ ಬಿಡಿ ಅಂತ ಒಂದು ಮಾತು ಹೇಳಿ. ತರಗೆಲೆಯನ್ನೂ ಗುಡಿಸಬೇಡಿ.

ಈಗ ಪೊಟ್ಟಣ. ಉದ್ದ ನೋಡಿದರೆ ಕೇರೆಯದ್ದು ಇರಬೇಕು. ಪೊರೆ ಕಳಚುವಾಗ ಹಾವು ಇಕ್ಕಟ್ಟಿನ ಸಂದಿಯಲ್ಲಿ ನುಗ್ಗುತ್ತದೆ ಅಂತ ಆ ಯುರೋಪಿನ ಪುಸ್ತಕಗಳಲ್ಲೂ ಇದೆ. ಅದನ್ನು ಬರೆದವರು ನಮ್ಮ ಕೊಟ್ಟಿಗೆಯ ಗೋಡೆಯನ್ನು ಕಂಡವರಲ್ಲ, ಆದರೆ ಅಂಥದೇ ಒಂದು ಗೋಡೆಯನ್ನು ಯಾರೋ ಕಂಡಿರಬೇಕು. ಕಾಲುಚೀಲ ತೆಗೆದ ಹಾಗೆ ಒಳಹೊರಗಾಗಿದೆ ನೋಡಿ. ಮುಂದಿನ ಸಾಲಿನಿಂದ ಶುರು ಮಾಡಿ, ಮೆಲ್ಲ ಹಿಡಿಯಿರಿ, ಫ್ಯಾನಿನ ಗಾಳಿಗೆ ಹಾರುತ್ತದೆ. ತಲೆಯ ಕಡೆ ಬೆಳಕಿಗೆ ಹಿಡಿದು ಕಣ್ಣಿನ ಜಾಗ ನೋಡಿ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ. ಪೊರೆಯ ಜೊತೆಗೆ ಅದೂ ಬಂದಿದೆ, ಎರಡೂ ಕಣ್ಣಿನದ್ದು.