ಗೆತ್ಸೆಮನೆಯಲ್ಲಿ ಕೇಳಿಸಿದ ಮಾತು

ಕೇಳುಗರಿಗೆ ನಮಸ್ಕಾರ.

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಆದರೆ ಗಲಿಲಾಯದ ಯೇಸು ಮನೆಯಲ್ಲಿ, ಬೀದಿಯಲ್ಲಿ ಆಡಿದ್ದು ಅರಮಾಯಿಕ್. ಬರೆದಿಟ್ಟವರು ಆತನ ಮಾತನ್ನೆಲ್ಲ ಗ್ರೀಕಿಗೆ ತಂದರೂ ಬೆರಳೆಣಿಕೆಯ ಪದಗಳನ್ನು ಮೂಲದ ದನಿಯಲ್ಲೇ ಉಳಿಸಿಕೊಂಡರು. ಅಂಥದ್ದೊಂದು 'ಅಬ್ಬಾ'. ನಮ್ಮ ಕಿವಿಗೆ ಅದು ಬೆರಗಿನ ಉದ್ಗಾರ. ಅರಮಾಯಿಕ್‌ನಲ್ಲಿ ಅದರ ಅರ್ಥ ಅಪ್ಪ.

ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರೇ ಸಲ. ಎರಡು ಸಲ ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನ ಪತ್ರಗಳಲ್ಲಿ, ಒಂದು ಸಲ ಮಾರ್ಕನ ಸುವಾರ್ತೆಯಲ್ಲಿ, ಅಂದರೆ ಮಾರ್ಕ ಹೇಳಿದ ಯೇಸುವಿನ ಕಥೆಯಲ್ಲಿ. ಕ್ರಿ.ಶ. 57ರ ಸುಮಾರಿಗೆ ಪೌಲ ರೋಮಾಪುರದ ಕ್ರೈಸ್ತ ಸಭೆಗೆ ಪತ್ರ ಬರೆದಾಗ ಅವನಿನ್ನೂ ಆ ಊರನ್ನು ಕಂಡಿರಲಿಲ್ಲ. ಹಾಗಿದ್ದೂ, ನಾವು 'ಅಬ್ಬಾ, ತಂದೆಯೇ' ಎಂದು ಕೂಗುತ್ತೇವೆ ಎಂದು ಯಾವ ವಿವರಣೆಯನ್ನೂ ಕೊಡದೆ ಬರೆಯುತ್ತಾನೆ. ಅಂದರೆ ಪೌಲ ಕಾಲಿಡುವ ಮೊದಲೇ ಈ ಪದ ರೋಮಿಗೆ ಹೋಗಿ ಅಲ್ಲಿನವರ ಬಾಯಲ್ಲಿ ನೆಲೆಸಿತ್ತು ಎಂದಾಯಿತು. ಮನೆಮಾತಿನ ಒಂದು ಪದ ಸಮುದ್ರ ದಾಟಿ, ಆ ಭಾಷೆಯೇ ಗೊತ್ತಿಲ್ಲದವರ ಪ್ರಾರ್ಥನೆಯಾಗಿತ್ತು!

ಇದು ಎಳೆಮಗುವಿನ ತೊದಲು ನುಡಿ ಎಂದು ಕಳೆದ ಶತಮಾನದಲ್ಲಿ ಕೆಲವು ವಿದ್ವಾಂಸರು ಹೇಳಿದ್ದರು. ಆ ಮಾತು ನಿಲ್ಲಲಿಲ್ಲ. ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರವತ್ತು ದಾಟಿದ ಮಗನೂ ಅಪ್ಪನನ್ನು ಅಪ್ಪಾ ಎಂದೇ ಕರೆಯುತ್ತಾನೆ. ಆ ಕರೆಯಲ್ಲಿ ಸಲುಗೆಯೂ ಇದೆ, ತಲೆಬಾಗುವಿಕೆಯೂ ಇದೆ.

ಈಗ ಮಾರ್ಕನ ಕಡೆಗೆ ಬರೋಣ. ಯೇಸುವಿನ ಬಾಯಲ್ಲಿ ಈ ಪದ ಕೇಳಿಸುವುದು ಒಂದೇ ಕಡೆ, ಎಣ್ಣೆಮರಗಳ ಗುಡ್ಡದ ಬಳಿಯ ಗೆತ್ಸೆಮನೆ ತೋಟದಲ್ಲಿ, ಆತನ ಬಂಧನದ ರಾತ್ರಿ. ಗೆತ್ಸೆಮನೆ ಎಂದರೆ ಎಣ್ಣೆಗಾಣ. ಆತ ನೆಲಕ್ಕೆ ಬಿದ್ದು ಬೇಡುತ್ತಾನೆ: ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು, ಆದರೂ ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಆಗಲಿ. ಪಾತ್ರೆ ಎಂದರೆ ಇಲ್ಲಿ ಆತ ಕುಡಿಯಬೇಕಿದ್ದ ನೋವು, ಸಾವು. ಎದ್ದು ಬಂದು ನೋಡಿದರೆ ಜೊತೆಗಿದ್ದವರು ನಿದ್ದೆಹೋಗಿದ್ದಾರೆ. ಮತ್ತೆ ಹೋಗಿ ಅದೇ ಮಾತನ್ನು ಹೇಳುತ್ತಾನೆ. ಆಕಾಶದಿಂದ ಉತ್ತರ ಬಂತೆಂದು ಮಾರ್ಕ ಎಲ್ಲೂ ಬರೆದಿಲ್ಲ. ಪಾತ್ರೆಯೂ ತೊಲಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಹೊಸ ಧರ್ಮವನ್ನು ಸಾರಲು ಹೊರಟವರು ತಮ್ಮ ಪ್ರಭುವಿನ ಈಡೇರದ ಬೇಡಿಕೆಯನ್ನು ಮರೆಮಾಚಬಹುದಿತ್ತು. ಅವರು ಮರೆಮಾಚಲಿಲ್ಲ. ಪೌಲನೂ ಹಾಗೆಯೇ. ತನ್ನ ಶರೀರದಲ್ಲಿ ನಾಟಿದ ಶೂಲವೊಂದನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡೆ ಎಂದು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆಯುತ್ತಾನೆ. ಶೂಲ ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಮಾತು ಬಂತು.

ಹಾಗಾದರೆ ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು ಎಂಬ ಯೇಸುವಿನ ವಾಗ್ದಾನ ಏನಾಯಿತು? ಮತ್ತಾಯ, ಲೂಕ ಇಬ್ಬರ ಸುವಾರ್ತೆಗಳಲ್ಲೂ ಅದು ಇದೆ. ಬೇಡುವವರಿಗೆ ತಂದೆ ಒಳ್ಳೆಯವುಗಳನ್ನು ಕೊಡುತ್ತಾನೆ ಎಂದು ಮತ್ತಾಯ ಬರೆದರೆ, ಅದೇ ಮಾತು ಲೂಕನಲ್ಲಿ ಪವಿತ್ರಾತ್ಮನನ್ನು ಕೊಡುತ್ತಾನೆ ಎಂದಾಗಿದೆ. ಲೂಕನ ಪ್ರಕಾರ ಬೇಡಿದವನ ಬಳಿಗೆ ಕೊನೆಗೆ ಬರುವವನು ದೇವರೇ.

ಆ ಆತ್ಮನು ಬಂದು ಮಾಡುವುದೇನೆಂಬುದನ್ನು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಸೃಷ್ಟಿಯೆಲ್ಲ ಹೆರಿಗೆ ನೋವಿನಂತೆ ನರಳುತ್ತಿದೆ. ನಾವೂ ಒಳಗೊಳಗೇ ನರಳುತ್ತೇವೆ. ಏನು ಬೇಡಬೇಕೋ ನಮಗೆ ತಿಳಿಯದಾದಾಗ ಆತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಗ್ರೀಕಿನಲ್ಲಿ ಈ ಮೂರು ಕಡೆಯೂ ಒಂದೇ ಧಾತುವಿನಿಂದ ಬಂದ ಪದಗಳಿವೆ. ಆಸ್ಪತ್ರೆಯ ವರಾಂಡದಲ್ಲಿ ರಾತ್ರಿಯೆಲ್ಲ ಕೂತು, ಬಾಯಿಗೆ ಒಂದು ಪದವೂ ಬಾರದೆ ಬರೀ ಉಸಿರು ಬಿಟ್ಟವರಿಗೆ ಪೌಲನ ಈ ಸಾಲು ಹೆಚ್ಚು ಹತ್ತಿರವಾದೀತು. ಆ ಉಸಿರೂ ಪ್ರಾರ್ಥನೆಯೇ ಎನ್ನುತ್ತಾನೆ ಅವನು. ದೇವರ ಆತ್ಮನೇ ಆ ನರಳಾಟದೊಳಗೆ ಇದ್ದಾನೆ ಎನ್ನುತ್ತಾನೆ.

ಇಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಯೇಸು ಗಟ್ಟಿಯಾಗಿ ಕೂಗುತ್ತ, ಕಣ್ಣೀರಿಡುತ್ತ ತನ್ನನ್ನು ಮರಣದಿಂದ ಕಾಪಾಡಬಲ್ಲವನನ್ನು ಪ್ರಾರ್ಥಿಸಿದನು. ಆ ಮೊರೆ ಕೇಳಲ್ಪಟ್ಟಿತು ಎಂದು. ಆದರೆ ಆತ ಶಿಲುಬೆಯಲ್ಲಿ ಸತ್ತನಲ್ಲ? ಪುನರುತ್ಥಾನವೇ, ಅಂದರೆ ಸತ್ತ ಆತ ಮತ್ತೆ ಜೀವಂತನಾಗಿ ಎದ್ದದ್ದೇ ಆ ಉತ್ತರ ಎಂದು ಹಲವರು ಓದುತ್ತಾರೆ. ಅದು ಸರಿಯಾದ ಓದೇ. ಆದರೆ ಅಷ್ಟು ದೂರ ಹೋಗುವ ಮೊದಲು ನಾನು ಇನ್ನೊಮ್ಮೆ ಆ ತೋಟಕ್ಕೆ ಮರಳುತ್ತೇನೆ. ಮೊದಲು ಯೇಸು ದಿಗಿಲುಗೊಂಡು ನೆಲದ ಮೇಲೆ ಬಿದ್ದಿದ್ದ. ಮೂರನೆಯ ಸಲ ಶಿಷ್ಯರ ಬಳಿಗೆ ಬರುವ ಹೊತ್ತಿಗೆ ಕತ್ತಿ ದೊಣ್ಣೆ ಹಿಡಿದವರು ಸಮೀಪಿಸಿದ್ದರು. ಪಾತ್ರೆ ಇನ್ನೂ ಎದುರಿಗೇ ಇತ್ತು. ಆಗ ಆತ ಮಲಗಿದ್ದವರನ್ನು ಎಬ್ಬಿಸಿ ಹೇಳಿದ: ಏಳಿ, ಹೋಗೋಣ.

ನಮಸ್ಕಾರ.