ಕೈ ಹಿಡಿದು ಎಳೆಯಬೇಡಿ, ತಾಳ ಹಾಕಿ

ನಮಸ್ಕಾರ. ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿದ್ದರೆ ಇದನ್ನು ನೀವು ನೋಡಿರುತ್ತೀರಿ. ನಡುಮನೆಯಲ್ಲಿ ಹೇಗೋ ನಡೆದು ಬಂದವರು ಬಚ್ಚಲುಮನೆಯ ಬಾಗಿಲಲ್ಲಿ ಗಕ್ಕನೆ ನಿಂತುಬಿಡುತ್ತಾರೆ. ಮಂಡಿ ನಡುಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಪಾದ ಮಾತ್ರ ನೆಲ ಬಿಟ್ಟು ಏಳುವುದಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ "ಕಾಲೆತ್ತಿ ಅಪ್ಪಾ, ಬೇಗ ಬನ್ನಿ" ಎಂದು ಕೂಗುತ್ತಾರೆ, ಒಬ್ಬರು ಕೈ ಹಿಡಿದು ಎಳೆಯುತ್ತಾರೆ. ಮುಗ್ಗರಿಸಿ ಬೀಳಿಸುವುದಕ್ಕೆ ಅಷ್ಟು ಸಾಕು.

ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ನಾವು ಯೋಚಿಸದೆಯೇ ಹೆಜ್ಜೆ ಹಾಕುವುದಕ್ಕೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ನೆರವಾಗುತ್ತದೆ. ಈ ಕಾಯಿಲೆಯಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಕಡಿಮೆಯಾದಾಗ ಅಲ್ಲಿನ ಲಯ ತಪ್ಪುತ್ತದೆ. ಆದರೆ ಹೊರಗಿನಿಂದ ತಾಳ ಕೇಳಿಸಿದರೆ ಕಿವಿಯ ದಾರಿಯಿಂದ ಕಾಲು ಅದನ್ನು ಹಿಡಿದುಕೊಳ್ಳಬಲ್ಲದು. ಅಮೆರಿಕದ ಮೈಕೆಲ್ ಥಾಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಳಬದ್ಧ ಸಂಗೀತಕ್ಕೆ ಮೂರು ವಾರ ನಡೆದು ಅಭ್ಯಾಸ ಮಾಡಿದ ರೋಗಿಗಳ ನಡಿಗೆಯ ವೇಗ ಶೇ 25ರಷ್ಟು ಹೆಚ್ಚಿತ್ತು. ಚಿಕ್ಕ ಅಧ್ಯಯನ, ನಿಜ. ಮರುವರ್ಷವೇ ಪಾರ್ಶ್ವವಾಯು ಪೀಡಿತರಲ್ಲೂ ಇದರ ಪ್ರಯೋಜನವನ್ನು ಆ ತಂಡ ತೋರಿಸಿತು.

ನನ್ನ ತಕರಾರು ಇರುವುದು ಹಾಡಿನ ಆಯ್ಕೆಯಲ್ಲಿ. ಸಂಗೀತ ಚಿಕಿತ್ಸೆ ಎಂದೊಡನೆ ನಮ್ಮವರು ಕೊಳಲಿನ ಆಲಾಪನೆ ಹಾಕಿ ಕೂರಿಸುತ್ತಾರೆ. ಮನಸ್ಸಿಗೆ ಹಿತ, ಒಪ್ಪಿದೆ. ಕಾಲಿಗೆ ಅದರಲ್ಲಿ ಹಿಡಿದುಕೊಳ್ಳಲು ಏನಿದೆ? ಭಜನಾ ಮಂಡಳಿಯವರ ತಾಳದ ಪೆಟ್ಟು, ಕೋಲಾಟದ ಪದ, ಇಂಥವು ಬೇಕು. ಅವೂ ಇಲ್ಲದಿದ್ದರೆ ಒಂದೇ ಸಮನೆ ಟಕ್ ಟಕ್ ಎಂದು ತಾಳ ಹಾಕುವ, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಮೆಟ್ರೋನೋಮ್ ಸಾಕು.

ಮೊದಲು ಅವರು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆ ಎಣಿಸಿ. 80 ಇದ್ದರೆ ತಾಳವೂ 80ಕ್ಕೇ ಇರಲಿ. ಅದಕ್ಕೆ ಹೊಂದಿಕೊಂಡ ಮೇಲೆ 84, ಆಮೇಲೆ 88. ಹುಮ್ಮಸ್ಸಿನಲ್ಲಿ ಮೊದಲ ದಿನವೇ 120ಕ್ಕೆ ಏರಿಸಿದರೆ ಹೆಜ್ಜೆ ಚಿಕ್ಕದಾಗಿ ಓಟಕ್ಕೆ ತಿರುಗೀತು. ಆರಂಭದಲ್ಲಿ ಫಿಸಿಯೋಥೆರಪಿಸ್ಟ್ ಜೊತೆಗಿರಲಿ. ರಸ್ತೆಯಲ್ಲಿ ಇಯರ್‌ಫೋನ್ ಖಂಡಿತ ಬೇಡ.

ಬಾಗಿಲಲ್ಲಿ ಕಾಲು ಕಟ್ಟಿಹೋದಾಗ ಅವಸರಿಸಬೇಡಿ. ನೆಟ್ಟಗೆ ನಿಲ್ಲಲಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಲಿ. ನೀವು "ಒಂದು, ಎರಡು" ಎಂದು ಚಪ್ಪಾಳೆ ತಟ್ಟಿ, ಮುಂದಿನ "ಒಂದು"ಕ್ಕೆ ಹೆಜ್ಜೆ ಎತ್ತಲು ಹೇಳಿ. ನೆನಪು ಮಾಸಿದ ಕೆಲವರಿಗೆ ಹಾಡು ಕೇಳುತ್ತಲೇ ನಡೆಯುವುದು ಗೊಂದಲವಾಗುತ್ತದೆ. ಅಂಥವರಿಗೆ ಹಾಡು ನಿಲ್ಲಿಸಿ, ಬರೀ ಎಣಿಕೆ ಇಟ್ಟುಕೊಳ್ಳಿ.