ಬೇಸಿಗೆ ಪಾರ್ಸೆಲ್‌ನಲ್ಲಿ ಬಂದ ಗೌಜಲ ಮೊಟ್ಟೆ: ಮರಿ ಸಾಯೋದು ಎಲ್ಲಿ?

[ತೆರೆಯ ಮೇಲೆ: ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಚುಕ್ಕೆಚುಕ್ಕೆಯ ಮೊಟ್ಟೆಗಳು]

50 ಮೊಟ್ಟೆ ತರಿಸಿದ್ರಿ. ಒಂದೂ ಒಡೆದಿಲ್ಲ. ಮೊಟ್ಟೆಗೆ ಕಾವು ಕೊಡೋ ಇನ್ಕ್ಯುಬೇಟರ್ ಹೊಸದು, ಕರೆಂಟೂ ಕೈಕೊಟ್ಟಿಲ್ಲ. 18ನೇ ದಿನ ಮುಚ್ಚಳ ತೆಗೆದ್ರೆ ಒಂಬತ್ತೇ ಮರಿ! "ಕೊಟ್ಟವರ ಹತ್ರ ಗಂಡು ಹಕ್ಕಿ ಸರಿ ಇಲ್ಲ ಅನ್ಸುತ್ತೆ, ಮೋಸ ಹೋದ್ವಾ?" ಏಪ್ರಿಲ್ ಬಂತು ಅಂದ್ರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ.

ಗಂಡು ಹಕ್ಕಿಯನ್ನ ಆಮೇಲೆ ಬೈಯೋಣ. ಮೊದಲು ದಾರಿಯಲ್ಲಿ ಏನಾಯ್ತು ನೋಡೋಣ.

ಶುರುವಿನ ಪಾಠ ಓಡಿಸಿಬಿಡ್ತೀನಿ. ನಾವು ಮಾತಾಡ್ತಿರೋದು ಫಾರಂನ ಜಪಾನಿ ಕ್ವೇಲ್, ಅಂದ್ರೆ ಸಾಕು ಗೌಜಲದ ಬಗ್ಗೆ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದು ನಮ್ಮ ದೇಶದಲ್ಲಿ ಬೆಳೆಸಿದ ತಳಿ. ಹೊಲದ ಬದುವಲ್ಲಿ ಪುರ್ ಅಂತ ಹಾರೋ ಕಾಡು ಗೌಜಲ ಬೇರೆ, ಅದನ್ನ ಮುಟ್ಟೋ ಹಾಗಿಲ್ಲ. ಮೊಟ್ಟೆ 10ರಿಂದ 12 ಗ್ರಾಂ, ಕಾವು 17–18 ದಿನ, ಫ್ಯಾನ್ ಇರೋ ಇನ್ಕ್ಯುಬೇಟರ್‌ನಲ್ಲಿ 37.5 ಡಿಗ್ರಿ. ಮುಂದಕ್ಕೆ ಹೋಗೋಣ.

[ತೆರೆಯ ಮೇಲೆ: ನೆನೆಸಿದ ಹೆಸರುಕಾಳು]

ಎಲ್ಲರೂ ಅಂದುಕೊಳ್ಳೋದು, ಬಿಸಿಲಿಗೆ ಮೊಟ್ಟೆ ಬೆಂದುಹೋಯ್ತು ಅಂತ. ಇಲ್ಲ. ಬೇಯೋಕೆ 60 ಡಿಗ್ರಿ ದಾಟಬೇಕು. ಬಿಸಿಲು ಮಾಡೋ ಕೆಲಸ ಬೇರೆ: ಮಲಗಿದ್ದದ್ದನ್ನ ಅರ್ಧ ಎಬ್ಬಿಸುತ್ತೆ.

ಹಕ್ಕಿ ಮೊಟ್ಟೆ ಇಡೋ ಹೊತ್ತಿಗೆ ಒಳಗಿನ ಭ್ರೂಣಕ್ಕೆ ಆಗಲೇ ಸುಮಾರು ಒಂದು ದಿನ ವಯಸ್ಸು. ತಾಯಿಯ ಹೊಟ್ಟೆಯೊಳಗಿನ 41 ಡಿಗ್ರಿ ಬಿಸಿಯಲ್ಲಿ ಸಾವಿರಾರು ಜೀವಕೋಶ ಆಗಿರುತ್ತೆ. ಹೊರಗೆ ಬಂದು ತಣ್ಣಗಾದ ಕೂಡಲೇ ಬೆಳವಣಿಗೆ ನಿಲ್ಲುತ್ತೆ, ನಿದ್ದೆ. ಈ ನಿದ್ದೆಯ ಗೆರೆ ಎಲ್ಲಿದೆ ಅನ್ನೋದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತೆ, 20ರಿಂದ 27 ಡಿಗ್ರಿ ನಡುವೆ ಅಂತಿಟ್ಟುಕೊಳ್ಳಿ. ಗೆರೆ ಕೆಳಗಿದ್ರೆ ಒಂದು ವಾರ ಸುಖವಾಗಿ ಮಲಗಿರುತ್ತೆ. ಮೇಲಕ್ಕೆ ಹೋದ್ರೆ ಏಳುತ್ತೆ, ಆದರೆ ಸರಿಯಾಗಿ ಬೆಳೆಯೋಕೆ ಬೇಕಾದ 37.5 ಒಂದೇ ಸಮನೆ ಸಿಗಲ್ಲ.

ರೈತರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮೇ ಕೊನೆಗೆ ಒಂದು ಹದ ಮಳೆ ಬಿತ್ತು, ಮುಂಗಾರು ಬಂತು ಅಂತ ಬಿತ್ತಿದ್ರಿ. ಬೀಜ ನೀರು ಕುಡಿದು ಮೊಳಕೆ ಬಿಟ್ಟಿತು. ಆಮೇಲೆ ಎರಡು ವಾರ ಮಳೆಯಿಲ್ಲ. ಬಿತ್ತದೆ ಚೀಲದಲ್ಲೇ ಇದ್ದ ಬೀಜ ಚೆನ್ನಾಗಿದೆ, ಮಳೆ ಪೂರ್ತಿ ಸಿಕ್ಕಿದ್ದರೆ ಪೈರೂ ಚೆನ್ನಾಗಿರ್ತಿತ್ತು. ಸತ್ತಿದ್ದು ನಡುವೆ ಸಿಕ್ಕಿಕೊಂಡ ಮೊಳಕೆ. ಅಡುಗೆಮನೆ ಭಾಷೆ ಬೇಕಾ? ನೆನೆಸಿ ಮೊಳಕೆ ಬಂದ ಹೆಸರುಕಾಳನ್ನ ಒಣಗಿಸಿ ವಾಪಸ್ ಡಬ್ಬಕ್ಕೆ ತುಂಬಿ, ಮುಂದಿನ ತಿಂಗಳು ಮತ್ತೆ ನೆನೆಸಿ ನೋಡಿ. ಕೊಳೆಯುತ್ತೆ ಅಷ್ಟೇ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಡೆಲಿವರಿ ವ್ಯಾನು ಮೊಟ್ಟೆಗೆ ಹುಸಿ ಮುಂಗಾರು. ವ್ಯಾನಿನೊಳಗೆ 40, ರಾತ್ರಿ ಗೋದಾಮಲ್ಲಿ 28, ಮರುದಿನ ಮತ್ತೆ 40. ಪೂರ್ತಿ ಮಲಗೋದೂ ಇಲ್ಲ, ಸರಿಯಾಗಿ ಬೆಳೆಯೋದೂ ಇಲ್ಲ, ಮೂರನೇ ದಿನ ನಿಮ್ಮ ಕೈಗೆ.

ಇದರಲ್ಲಿ ಅನ್ಯಾಯ ಏನು ಗೊತ್ತಾ? ಹೀಗೆ ಸತ್ತ ಮೊಟ್ಟೆಗೆ 7ನೇ ದಿನ ಟಾರ್ಚ್ ಬಿಟ್ಟು ನೋಡಿದ್ರೆ, ಗಂಡಿಲ್ಲದೆ ಇಟ್ಟ ಬರಡು ಮೊಟ್ಟೆ ಥರಾನೇ ಖಾಲಿ ಕಾಣುತ್ತೆ. ಬೈಗುಳ ಗಂಡು ಹಕ್ಕಿಗೆ!

[ತೆರೆಯ ಮೇಲೆ: ತಟ್ಟೆಯಲ್ಲಿ ಒಡೆದ ಎರಡು ಮೊಟ್ಟೆ, ಹತ್ತಿರದಿಂದ]

ಅದಕ್ಕೇ ಪಾರ್ಸೆಲ್ ಬಂದ ದಿನವೇ ಎರಡು ಮೊಟ್ಟೆ ಒಡೆಯಿರಿ. ಹೊಟ್ಟೆ ಉರಿಯುತ್ತೆ, ಗೊತ್ತು. ಹಳದಿ ಮೇಲೆ ಒತ್ತಾದ, ಅಂಚು ಸೊಟ್ಟಪಟ್ಟ ಬಿಳಿ ಚುಕ್ಕಿ ಇದ್ರೆ ಬರಡು. ಬಳೆ ಥರ ದುಂಡಗೆ, ನಡುವೆ ತಿಳಿಯಾಗಿ, ಮೂರ್ನಾಲ್ಕು ಮಿಲಿಮೀಟರ್ ಇದ್ರೆ ಜೀವ ಇರೋ ಮೊಟ್ಟೆ, ದಾರಿಯಲ್ಲಿ ಮಲಗೇ ಬಂದಿದೆ. ಆ ಬಳೆ ಹಿಗ್ಗಿ ಕಾಳುಮೆಣಸಿಗಿಂತ ದೊಡ್ಡದಾಗಿದ್ರೆ ದಾರಿಯಲ್ಲೇ ಎದ್ದಿದೆ. ಒಡೆದದ್ದು ಆಮ್ಲೆಟ್‌ಗೆ ಆಯ್ತು. ಉಳಿದವನ್ನೂ ಇಡಿ, ಆದರೆ ಲೆಕ್ಕ ಕಮ್ಮಿ ಹಾಕಿಕೊಳ್ಳಿ.

ಈಗ ಕಳಿಸೋರಿಗೆ. ಐದು ದಿನದೊಳಗಿನ ಮೊಟ್ಟೆ ಮಾತ್ರ ಆರಿಸಿ, ತೊಳೀಬೇಡಿ, ಹಿಂದಿನ ರಾತ್ರಿಯೇ 16–18 ಡಿಗ್ರಿಗೆ ತಣಿಸಿ. ಮೊನಚು ತುದಿ ಕೆಳಗೆ, ಒಂದಕ್ಕೊಂದು ತಾಗದ ಹಾಗೆ ಫೋಮ್ ಗೂಡಲ್ಲಿ ಕೂರಿಸಿ, ಥರ್ಮಾಕೋಲ್ ಪೆಟ್ಟಿಗೆಗೆ ಹಾಕಿ, ಅದನ್ನ ರಟ್ಟಿನ ಪೆಟ್ಟಿಗೆಯೊಳಗಿಡಿ. 50 ಮೊಟ್ಟೆ ಒಟ್ಟು ತೂಗಿದ್ರೂ 600 ಗ್ರಾಂ. ಅಷ್ಟು ಸಣ್ಣ ತೂಕ ಬೇಗ ಬಿಸಿಯಾಗುತ್ತೆ. ಅದಕ್ಕೆ ಐಸ್ ಹಾಕೋರಿದ್ದಾರೆ. ಬೇಡ! ಐಸ್ ಪಕ್ಕದ ಮೊಟ್ಟೆ ಬೆವರುತ್ತೆ, ಆ ನೀರಿನ ಜೊತೆ ಸಿಪ್ಪೆಯ ರಂಧ್ರದಲ್ಲಿ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಬದಲಿಗೆ ಮೊಟ್ಟೆಯಷ್ಟೇ ತಣ್ಣಗಿರೋ, 16–18 ಡಿಗ್ರಿಯ ಒಂದು ಲೀಟರ್ ನೀರಿನ ಬಾಟಲಿ ಎರಡು, ಹೊರಳಾಡದ ಹಾಗೆ ಪಕ್ಕಕ್ಕೆ ಕಟ್ಟಿ. ಬರೋ ಬಿಸಿಯನ್ನ ಮೊದಲು ನೀರು ನುಂಗುತ್ತೆ, ಒಂದಷ್ಟು ಗಂಟೆ ಕೈಗೆ ಸಿಗುತ್ತೆ.

ಬೆಂಗಳೂರಿಂದ ಕಲಬುರಗಿಗೋ ರಾಯಚೂರಿಗೋ ಆದ್ರೆ ಮೂರು ದಿನದ ಕೊರಿಯರ್‌ಗಿಂತ ರಾತ್ರಿ ಬಸ್ಸೇ ವಾಸಿ. ಸಂಜೆ ಹತ್ತಿದ್ದು ಬೆಳಗ್ಗೆ ಇಳಿಯುತ್ತೆ, ಬಿಸಿಲನ್ನೇ ನೋಡಲ್ಲ. ಎಂಜಿನ್ ಹತ್ರ ಇಡಬೇಡಿ ಅಂತ ಹೇಳಿ, ಇಳಿಸಿಕೊಳ್ಳೋಕೆ ನೀವೇ ಹೋಗಿ ನಿಲ್ಲಿ.

ತಗೊಂಡ ಮೇಲೆ? ಪೆಟ್ಟಿಗೆ ಒಂದೆರಡು ಗಂಟೆ ನೆರಳಲ್ಲಿ ಮುಚ್ಚಿಯೇ ಇರಲಿ. ಆಮೇಲೆ ದಪ್ಪ ತುದಿ ಮೇಲೆ ಮಾಡಿ 12 ಗಂಟೆ ಸುಮ್ಮನೆ ನಿಲ್ಲಿಸಿ. ಕುಲುಕಾಟಕ್ಕೆ ದಪ್ಪ ತುದಿಯ ಗಾಳಿಗೂಡು ಸಡಿಲ ಆಗಿರುತ್ತೆ, ಅದು ಕೂರಬೇಕು. ಎಲ್ಲರೂ 24 ಗಂಟೆ ಅಂತಾರೆ. 36 ಡಿಗ್ರಿಯ ರೂಮಲ್ಲಿ 24 ಗಂಟೆ ನಿಲ್ಲಿಸಿದ್ರೆ ಅದು ವಿಶ್ರಾಂತಿಯಲ್ಲ, ಇನ್ನೊಂದು ದಿನ ವ್ಯಾನಲ್ಲಿಟ್ಟ ಹಾಗೆ. ಏಸಿ ಇಲ್ವಾ? ಒಂದರೊಳಗೊಂದು ಎರಡು ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಕಲಬುರಗಿಯ ಒಣ ಹವೆಗೆ ಇದು ಚೆನ್ನಾಗಿ ತಣಿಸುತ್ತೆ. ಮಂಗಳೂರಲ್ಲಿ ಮಾಡಬೇಡಿ, ಅಲ್ಲಿನ ಸೆಕೆಗೆ ನೀರು ಆರಲ್ಲ, ಮಡಕೆ ತಣಿಯಲ್ಲ. ಅಲ್ಲಿ ಆರು ಗಂಟೆ ನಿಲ್ಲಿಸಿ ಕಾವಿಗೆ ಇಟ್ಟುಬಿಡೋದೇ ಸರಿ.

[ತೆರೆಯ ಮೇಲೆ: ಓಡುತ್ತಿರುವ ಗಡಿಯಾರ]

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ. ಇನ್ಕ್ಯುಬೇಟರ್ ಬಿಸಿ ಮಾಡುತ್ತೆ, ತಣ್ಣಗೆ ಮಾಡಲ್ಲ! ಶೀಟ್ ಮನೆಯೊಳಗೆ 39 ಇದ್ರೆ ಮೆಷಿನ್ ಒಳಗೂ 39ಕ್ಕೆ ಕಮ್ಮಿ ಬರಲ್ಲ. ಅರ್ಧ ದಿನ ಹಾಗೇ ಇದ್ರೆ ಬಸ್ಸಲ್ಲಿ ಬದುಕಿ ಬಂದದ್ದೂ ಇಲ್ಲಿ ಸಾಯಬಹುದು. ಮನೆಯ ಅತಿ ತಂಪಾದ ಕೋಣೆಗೆ ಸಾಗಿಸಿ. ಡಿಸ್‌ಪ್ಲೇ ನಂಬಬೇಡಿ, ಜ್ವರ ನೋಡೋ ಥರ್ಮಾಮೀಟರ್ ಒಳಗಿಟ್ಟು ತಾಳೆ ನೋಡಿ, 99.5 ಫ್ಯಾರನ್‌ಹೀಟ್ ಬರಬೇಕು. ಗಾಳಿಗೂಡು ಸಡಿಲ ಇರೋ ಮೊಟ್ಟೆಯನ್ನ ಮೊದಲೆರಡು ದಿನ ತಿರುಗಿಸಬೇಡಿ, ಆಮೇಲೆ ದಿನಕ್ಕೆ ಮೂರು ಸಲವಾದರೂ. ತೇವಾಂಶ 14ನೇ ದಿನದವರೆಗೆ ಶೇ. 45–50, ಆಮೇಲೆ ತಿರುಗಿಸೋದು ನಿಲ್ಲಿಸಿ ಶೇ. 65–70. ತೇವಾಂಶ ಅಳೆಯೋ ಮಾಪಕ ಇಲ್ದಿದ್ರೆ ತೂಕ ನೋಡಿ: ಇಟ್ಟಾಗ 360 ಗ್ರಾಂ ಇದ್ದ 30 ಮೊಟ್ಟೆ 14ನೇ ದಿನ 315–320ಕ್ಕೆ ಇಳಿದಿರಬೇಕು. ಮೊಟ್ಟೆ ಒಡೆದು ಮರಿ ಬರ್ತಿರುವಾಗ ಮುಚ್ಚಳ ತೆಗೀಬೇಡಿ, ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತೆ.

ಮರಿಗೆ ಮೊದಲ ವಾರ 35–37 ಡಿಗ್ರಿ ಬೇಕು. ಬೇಸಿಗೆಯಲ್ಲಿ ಹಗಲು ಬಲ್ಬೇ ಹಾಕೋದು ಬೇಡ ಅನ್ನಿಸಬಹುದು, ಆದರೆ ರಾತ್ರಿ ಹಾಕಲೇಬೇಕು. ನೀರಿನ ತಟ್ಟೆ ತುಂಬ ಗೋಲಿ ಹಾಕಿಡಿ, ಏಳೆಂಟು ಗ್ರಾಂ ಮರಿ ಅರ್ಧ ಇಂಚು ನೀರಲ್ಲೂ ಮುಳುಗುತ್ತೆ.